ಅಪ್ಪನ ಕೈಗೆ ಹಗುರಾದ ಮೆಟಲ್ ಡಿಟೆಕ್ಟರ್ ಬೇಕು (ಹೆಬ್ಬೆರಳು, ಮಣಿಕಟ್ಟಿನಲ್ಲಿ ಸಂಧಿವಾತ)

ಕಡಲಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಕೆಲಸದಿಂದ ನಿವೃತ್ತರಾದ ಮೇಲೆ ಮೆಟಲ್ ಡಿಟೆಕ್ಟರ್ ಹಿಡಿದು ಸಮುದ್ರದ ದಂಡೆಯಲ್ಲಿ ಓಡಾಡುವುದು ಅಂದರೆ ಅವರಿಗೆ ಪ್ರಾಣ. ಏನಾದರೂ ಸಿಗಲೇಬೇಕು ಅಂತಿಲ್ಲ. ಹೆಡ್‌ಫೋನ್ ಹಾಕಿಕೊಂಡು ಎರಡು ಗಂಟೆ ಒಬ್ಬರೇ ನಡೆದು ಬಂದರೆ ಆ ದಿನ ಇಡೀ ಖುಷಿಯಾಗಿರುತ್ತಾರೆ.

ಒಂದೂವರೆ ವರ್ಷದಿಂದ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮತ್ತು ಮಣಿಕಟ್ಟಿನಲ್ಲಿ ಸಂಧಿವಾತ. ಹಳೆಯ ಡಿಟೆಕ್ಟರನ್ನು ತಕ್ಕಡಿಯಲ್ಲಿಟ್ಟು ನೋಡಿದೆ, 1.9 ಕೆ.ಜಿ. ಇದೆ. ಹದಿನೈದು ನಿಮಿಷ ಬೀಸಿದರೆ ಸಂಜೆ ಲೋಟ ಹಿಡಿಯಲು ಆಗುವುದಿಲ್ಲ. ಎಂಟು ತಿಂಗಳಿಂದ ಅದು ಬಾಗಿಲ ಹಿಂದೆ ನಿಂತೇ ಇದೆ. ಅಪ್ಪ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾರೆ.

ನನಗೆ ಈ ಯಂತ್ರಗಳ ಬಗ್ಗೆ ಹೆಚ್ಚು ಗೊತ್ತಿಲ್ಲ. ಎಲ್ಲಕ್ಕಿಂತ ಕಡಿಮೆ ತೂಕದ್ದನ್ನು ಆರಿಸಿದರೆ ಸಾಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಕಾಯಿಲ್:
ಕೇಳಿದ್ದು ಒಳ್ಳೆಯದಾಯಿತು ತಂಗಿ. ಧೂಳು ಒರೆಸುತ್ತಾರೆ ಅಂದರೆ ಅವರಿಗೆ ಇನ್ನೂ ಆಸೆ ಇದೆ.

ಮೊದಲು ತೂಕದ ಅಂದಾಜು ಕೊಡುತ್ತೇನೆ. 1.9 ಕೆ.ಜಿ. ಈಗಿನ ಲೆಕ್ಕದಲ್ಲಿ ಭಾರವೇ. ಈಗ ಸಾಮಾನ್ಯ ಬಳಕೆಗೆ ಬರುವ ಬಹಳಷ್ಟು ಯಂತ್ರಗಳು 1.2ರಿಂದ 1.4 ಕೆ.ಜಿ. ಒಳಗೆ ಇರುತ್ತವೆ. ಮೈನ್‌ಲ್ಯಾಬ್ ಇಕ್ವಿನಾಕ್ಸ್ 800 ಸುಮಾರು 1.34 ಕೆ.ಜಿ. ಅದರ ನಂತರ ಬಂದ ಇಕ್ವಿನಾಕ್ಸ್ 900 ಸ್ವಲ್ಪ ಇಳಿದು 1.27. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 1.3. ಗ್ಯಾರೆಟ್ ಏಸ್ ಅಪೆಕ್ಸ್ 1.13ರ ಹತ್ತಿರ. ಫಿಶರ್ ಎಫ್22 ಇನ್ನೂ ಹಗುರ, ಸುಮಾರು 1.04. ಎಕ್ಸ್‌ಪಿ ಕಂಪನಿಯ ಡಿಯೂಸ್ ಸಾಲಿನವು ಒಂದು ಕೆ.ಜಿ.ಗಿಂತ ಕೆಳಗೇ ನಿಲ್ಲುತ್ತವೆ.

ಎರಡನೇ ಮಹಾಯುದ್ಧದಲ್ಲಿ ಯೂಸೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಅಧಿಕಾರಿ ರೂಪಿಸಿದ ನೆಲಬಾಂಬು ಹುಡುಕುವ ಯಂತ್ರ ಸುಮಾರು 14 ಕೆ.ಜಿ. ಇತ್ತು. 1942ರಲ್ಲಿ ಎಲ್ ಅಲಮೇನ್ ಯುದ್ಧದಲ್ಲಿ ಸೈನಿಕರು ಅದನ್ನು ಹೊತ್ತುಕೊಂಡೇ ಮರಳಲ್ಲಿ ನಡೆದರು. ಅಲ್ಲಿಂದ ಒಂದು ಕೆ.ಜಿ.ಯೊಳಗೆ ಬಂದಿದ್ದೇವೆ. ಹಾಗಾಗಿ ನಿಮ್ಮ ಅಪ್ಪನಿಗೆ ಹೊಂದುವಂಥದ್ದು ಖಂಡಿತ ಇದೆ. ಆದರೆ ತೂಕ ಒಂದನ್ನೇ ನೋಡಿ ತಗೋಬೇಡಿ. ಅದನ್ನು ನನಗಿಂತ ಚೆನ್ನಾಗಿ ವಿವರಿಸುವವರು ಇಲ್ಲಿದ್ದಾರೆ.

ತೂಕಕಲ್ಲು:
ನಾನು ವಿವರಿಸಲು ನೋಡುತ್ತೇನೆ.

ಡಿಟೆಕ್ಟರ್ ಅಂದರೆ ಒಂದು ಏತ ಇದ್ದ ಹಾಗೆ. ಮಧ್ಯದ ಆಧಾರ ನಿಮ್ಮ ಮುಷ್ಟಿ. ಮುಂದೆ ಸುಮಾರು 90 ಸೆಂ.ಮೀ. ದೂರದಲ್ಲಿ ಕಾಯಿಲ್, ಅಂದರೆ ಲೋಹ ಪತ್ತೆ ಮಾಡುವ ತಟ್ಟೆ, ತೂಗುತ್ತಿರುತ್ತದೆ. ಹಿಂದೆ ಸುಮಾರು 30 ಸೆಂ.ಮೀ.ನಲ್ಲಿ ಮೊಣಕೈ ಕಪ್, ಕೆಲವು ಯಂತ್ರಗಳಲ್ಲಿ ಅಲ್ಲೇ ಬ್ಯಾಟರಿ ಕೂಡ. ಕಾಯಿಲ್ ಕೆಳಗೆ ಎಳೆಯುತ್ತದೆ, ಮಣಿಕಟ್ಟು ಅದನ್ನು ತಡೆದು ಹಿಡಿಯಬೇಕು.

ಲೆಕ್ಕ ಹಾಕಿ. ಮುಂದಿನ ದೂರ ಹಿಂದಿನದ್ದರ ಮೂರು ಪಟ್ಟು. ಕಾಯಿಲ್ ಕಡೆ 100 ಗ್ರಾಂ ಕಡಿಮೆ ಆದರೆ ಮಣಿಕಟ್ಟಿಗೆ ಸಿಗುವ ಆರಾಮ, ಹಿಂದೆ 300 ಗ್ರಾಂ ಕಲ್ಲು ಕಟ್ಟಿದಷ್ಟು. ಇದು ಯಂತ್ರವನ್ನು ಸುಮ್ನೆ ಎತ್ತಿ ಹಿಡಿದಾಗಿನ ಮಾತು. ಬೀಸುವಾಗ ಇನ್ನೂ ಕಷ್ಟ. ಬೀಸಿ, ನಿಲ್ಲಿಸಿ, ವಾಪಸ್ ತಿರುಗಿಸಬೇಕಲ್ವಾ? ಆಗ ದೂರ ಎರಡರಷ್ಟಾದರೆ ಶ್ರಮ ನಾಲ್ಕರಷ್ಟಾಗುತ್ತದೆ. ಒಂದು ಬೀಸಿಗೆ ಎರಡು ಸೆಕೆಂಡ್ ಅಂದುಕೊಂಡರೂ ಗಂಟೆಗೆ 1800 ಸಲ ಮಣಿಕಟ್ಟು ಈ ಕೆಲಸ ಮಾಡುತ್ತದೆ.

ಹಾಗಾಗಿ ಪೆಟ್ಟಿಗೆ ಮೇಲೆ ಬರೆದ ಒಟ್ಟು ತೂಕಕ್ಕಿಂತ ಆ ತೂಕ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. 1.4 ಕೆ.ಜಿ.ಯ ಯಂತ್ರ ಕೈಯಲ್ಲಿ ತೇಲಿದ ಹಾಗೆ ಇರಬಹುದು. 1.1 ಕೆ.ಜಿ.ಯದ್ದು ಮೂಗು, ಅಂದರೆ ಕಾಯಿಲ್ ಇರುವ ತುದಿ, ಭಾರವಾಗಿ ಕೈ ಮುರಿಯಬಹುದು.

ಮೆಲ್ಲಗೆ_ನಡೆ:
ನನಗೆ ಹನ್ನೊಂದು ವರ್ಷದಿಂದ ರುಮಟಾಯ್ಡ್ ಆರ್ಥರೈಟಿಸ್. ಈಗಲೂ ತಿಂಗಳಿಗೆ ನಾಲ್ಕೈದು ಸಲ ಡಿಟೆಕ್ಟರ್ ಹಿಡಿದು ಹೋಗುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ತೂಕಕಲ್ಲು ಅವರ ಮಾತು ಸರಿ. ಅದಕ್ಕೆ ಒಂದು ಸೇರಿಸುತ್ತೇನೆ. ನೋವು ಯಾವ ಕೀಲಿನಲ್ಲಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮಣಿಕಟ್ಟಿನ ನೋವಿಗೆ ಹಿಂದೆ ತೂಕ ಕಟ್ಟಿದರೆ ಆರಾಮ. ಅದೇ ಭುಜದ ನೋವಿದ್ದವರಿಗೆ ಅದು ಶತ್ರು, ಯಾಕಂದರೆ ಭುಜ ಎತ್ತುವುದು ಒಟ್ಟು ತೂಕವನ್ನು. ನನಗೆ ಮೊದಲ ನಾಲ್ಕು ವರ್ಷ ಮಣಿಕಟ್ಟು ಮಾತ್ರ ನೋಯುತ್ತಿತ್ತು. ಹಿಂದೆ ಸೀಸದ ತುಂಡು ಕಟ್ಟಿಕೊಂಡು ಚೆನ್ನಾಗಿಯೇ ಇದ್ದೆ. ಆಮೇಲೆ ಭುಜಕ್ಕೂ ಬಂತು. ಅದೇ ತೂಕ ಬಿಚ್ಚಿ ಇಡಬೇಕಾಯಿತು.

ಹೆಬ್ಬೆರಳಿನ ಬುಡದ ನೋವು ಬೇರೆಯೇ ಜಾತಿ. ಅದಕ್ಕೆ ತೂಕಕ್ಕಿಂತ ಹಿಡಿ ಮತ್ತು ಬಟನ್ ಮುಖ್ಯ. ಹಿಡಿ ಸಣ್ಣಗಿದ್ದರೆ ಮುಷ್ಟಿ ಬಿಗಿಯಾಗಿ ಮುಚ್ಚಬೇಕು. ಮತ್ತೆ ಮತ್ತೆ ಒತ್ತುವ ಬಟನ್ ಹೆಬ್ಬೆರಳಿನ ಕೆಳಗಿದ್ದರೆ ಒಂದು ಗಂಟೆಯಲ್ಲಿ ಐವತ್ತು ಸಲ ಚುಚ್ಚಿದ ಹಾಗೆ. ತೋರುಬೆರಳಿಗೆ ಟ್ರಿಗರ್ ಇರುವ ಯಂತ್ರಗಳಿವೆ, ಅವನ್ನು ಹುಡುಕಿ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ. ದಂಡದ (ಹಿಡಿಯಿಂದ ಕಾಯಿಲ್‌ವರೆಗಿನ ಕೋಲಿನ) ಲಾಕ್ ನೋಡಿ. ತಿರುಚಿ ಬಿಗಿ ಮಾಡುವ ಕಾಲರ್ ಇದ್ದರೆ, ಮರಳು ಸೇರಿದ ಮೇಲೆ ಗಟ್ಟಿ ಕೈಯವರಿಗೂ ಅದನ್ನು ಬಿಚ್ಚುವುದು ಕಷ್ಟ. ಬೆರಳಿನಲ್ಲಿ ಎತ್ತಿ ಮಡಚುವ ಲಿವರ್ ಲಾಕ್ ಎಷ್ಟೋ ಮೇಲು. ನಾನಂತೂ ನನ್ನದನ್ನು ಬಿಚ್ಚುವುದೇ ಇಲ್ಲ, ಜೋಡಿಸಿದ ಹಾಗೇ ಇಡುತ್ತೇನೆ. ಬ್ಯಾಟರಿ ಮುಚ್ಚಳವನ್ನೂ ನೋಡಿ. ಉಗುರು ಹಾಕಿ ಎಳೆಯುವ ಮುಚ್ಚಳ ಇದ್ದರೆ ಪ್ರತಿ ಸಲ ಯಾರನ್ನಾದರೂ ಕರೆಯಬೇಕು. ಮ್ಯಾಗ್ನೆಟ್‌ನಿಂದ ತಾನೇ ಅಂಟಿಕೊಳ್ಳುವ ಚಾರ್ಜರ್ ಇದ್ದರೆ ಅದೇ ಒಂದು ಸ್ವಾತಂತ್ರ್ಯ.

ಕಡಲಮಗಳು:
ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಲಾಕ್ ವಿಷಯ ಬಂದಾಗ "ಹೌದು, ಅದೇ" ಅಂದರು. ಹಳೆಯ ಯಂತ್ರದ ಕಾಲರ್ ತಿರುಚಲು ಆಗದೆ ಉದ್ದ ಸರಿಮಾಡುವುದನ್ನೇ ಬಿಟ್ಟಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ.

ಭುಜ ಚೆನ್ನಾಗಿದೆ. ಮಂಡಿಯಲ್ಲಿ ಸ್ವಲ್ಪ ನೋವು, ಕೆಳಗೆ ಕೂತರೆ ಏಳುವಾಗ ಕೈ ಊರಬೇಕು. ಹೋಗುವುದು ಒಣ ಮರಳಿಗೆ ಮತ್ತು ಅಲೆ ಬಂದು ಹೋಗುವ ಒದ್ದೆ ಮರಳಿಗೆ. ನೀರಿನ ಒಳಗೆ ಇಳಿಯುವುದಿಲ್ಲ.

ಒದ್ದೆಮರಳು:
ಒದ್ದೆ ಮರಳು ಅಂದಿರಲ್ಲ, ಹಾಗಾದರೆ ಪಟ್ಟಿ ಚಿಕ್ಕದಾಗುತ್ತದೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ. ಅದಕ್ಕೇ ನೆಲಕ್ಕೆ ಒಂದೇ ಫ್ರೀಕ್ವೆನ್ಸಿಯ ಅಲೆ ಕಳಿಸುವ ಯಂತ್ರ ಅಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ಸುಮ್ಮನಾಗುತ್ತದೆ, ಜೊತೆಗೆ ಆಳವೂ ಹೋಗುತ್ತದೆ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುವ ಯಂತ್ರ ಉಪ್ಪಿನ ಸದ್ದನ್ನು ಬೇರೆ ಮಾಡಿ ತೆಗೆದುಹಾಕುತ್ತದೆ. ಫಿಶರ್ ಎಫ್22 ಹಗುರ, ಒಣ ನೆಲಕ್ಕೆ ಚೆನ್ನ, ಆದರೆ ಒಂದೇ ಫ್ರೀಕ್ವೆನ್ಸಿ. ಸಿಂಪ್ಲೆಕ್ಸ್ ಪ್ಲಸ್ ಕೂಡ ಒಂದೇ, 12 ಕಿಲೋಹರ್ಟ್ಸ್. ಇಕ್ವಿನಾಕ್ಸ್, ಮೈನ್‌ಲ್ಯಾಬ್ ವ್ಯಾಂಕ್ವಿಶ್, ಗ್ಯಾರೆಟ್ ಅಪೆಕ್ಸ್, ಡಿಯೂಸ್ 2 ಇವೆಲ್ಲ ಹಲವು ಫ್ರೀಕ್ವೆನ್ಸಿಯವು.

ಇದಕ್ಕೂ ಕೀಲುನೋವಿಗೂ ಏನು ಸಂಬಂಧ ಅಂತ ಕೇಳಬಹುದು. ಸುಳ್ಳು ಸದ್ದು ಅಂದರೆ ಸುಳ್ಳು ಗುಂಡಿ. ಪ್ರತಿ ಗುಂಡಿಯೂ ಅವರ ಹೆಬ್ಬೆರಳು ಮತ್ತು ಮಂಡಿಯ ಲೆಕ್ಕದಿಂದ ಹೋಗುತ್ತದೆ. ನನ್ನ ಅನುಭವದಲ್ಲಿ ಬೀಸುವುದಕ್ಕಿಂತ ಅಗೆಯುವುದೇ ಕೈ ಕೆಡಿಸುತ್ತದೆ. ಎಲ್ಲರೂ ಯಂತ್ರದ ಗ್ರಾಂ ಎಣಿಸುತ್ತಾರೆ, ಆಮೇಲೆ ಸಣ್ಣ ಕೈಗುದ್ದಲಿ ಹಿಡಿದು ಮೂವತ್ತು ಸಲ ಕೂತು ಏಳುತ್ತಾರೆ.

ಉದ್ದ ಹಿಡಿಯ ಸ್ಕೂಪ್ (ಮರಳು ಸೋಸುವ ತೂತಿನ ಸಲಿಕೆ) ತೆಗೆದುಕೊಳ್ಳಿ. ಹಿಂಭಾಗದಲ್ಲಿ ಪಾದ ಇಟ್ಟು ಒತ್ತುವ ಜಾಗ ಇರಬೇಕು. ದೇಹದ ತೂಕವೇ ಅಗೆಯಲಿ, ಕೈ ಬರೀ ದಾರಿ ತೋರಿಸಲಿ. ತುಂಬಿದ ಸ್ಕೂಪನ್ನು ಎತ್ತಿ ಜಾಡಿಸಬೇಡಿ. ಒದ್ದೆ ಮರಳು ತುಂಬಿದ ಸ್ಕೂಪ್ ಡಿಟೆಕ್ಟರಿಗಿಂತ ಎಷ್ಟೋ ಭಾರ. ಅಂಚಿನ ನೀರಿಗೆ ಎಳೆದುಕೊಂಡು ಹೋಗಿ ಅಲ್ಲಾಡಿಸಿದರೆ ಮರಳು ತಾನೇ ಹೋಗುತ್ತದೆ. ನೀರು ಹತ್ತಿರ ಇಲ್ಲದಿದ್ದರೆ ಮರಳನ್ನು ಪಕ್ಕಕ್ಕೆ ಸುರಿದು, ಕಾಲಿನಿಂದ ಹರಡಿ, ಮತ್ತೆ ಕಾಯಿಲ್ ಆಡಿಸಿ. ಬಗ್ಗುವ ಅಗತ್ಯವೇ ಬರುವುದಿಲ್ಲ, ವಸ್ತು ಕಂಡ ಮೇಲೆ ಒಂದೇ ಸಲ ಬಗ್ಗಿದರೆ ಆಯಿತು.

ಥೆರಪಿ_ಕೈ:
ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕೈಗಳೇ ನನ್ನ ಕೆಲಸ. ನಿಮ್ಮ ತಂದೆಯವರನ್ನು ನೋಡದೆ ಚಿಕಿತ್ಸೆ ಹೇಳಲಾರೆ. ಕೀಲು ಕಾಪಾಡುವ ಸಾಮಾನ್ಯ ವಿಷಯ ಹೇಳಬಹುದು.

ಹೆಬ್ಬೆರಳಿನ ತುದಿಯಲ್ಲಿ ಚಿವುಟಿದ ಬಲ, ಬುಡದ ಕೀಲಿಗೆ ಹೋಗುವಷ್ಟರಲ್ಲಿ ಸುಮಾರು 12 ಪಟ್ಟು ಆಗುತ್ತದೆ. ಒಂದು ಕೆ.ಜಿ. ಬಲದಲ್ಲಿ ಚಿವುಟಿದರೆ ಅಲ್ಲಿ ಹನ್ನೆರಡು ಕೆ.ಜಿ. ಅಷ್ಟು ಒತ್ತಡ. ಅದಕ್ಕೇ ಸಣ್ಣ ಹಿಡಿ, ಗಟ್ಟಿ ಬಟನ್ ಅಷ್ಟು ನೋಯಿಸುತ್ತವೆ. ಹಿಡಿಯ ಮೇಲೆ ಫೋಮ್ ತೋಳು ಹಾಕಿ, ಅಥವಾ ಟೆನಿಸ್ ರಾಕೆಟ್ಟಿಗೆ ಸುತ್ತುವ ಟೇಪ್ ಎರಡು ಮೂರು ಸುತ್ತು ಹಾಕಿ. ಹಿಡಿ ದಪ್ಪ ಆದಷ್ಟೂ ಮುಷ್ಟಿ ಸಡಿಲ ಬಿಡಬಹುದು. ಹಿಡಿಯುವಾಗ ಹೆಬ್ಬೆರಳನ್ನು ಮೇಲೆ ಒತ್ತಿ ಇಡಬಾರದು, ಬೇರೆ ಬೆರಳುಗಳ ಜೊತೆ ಸುಮ್ನೆ ಮಲಗಿಸಬೇಕು.

ಹೆಬ್ಬೆರಳಿನ ಬುಡಕ್ಕೆ ಆಧಾರ ಕೊಡುವ ಸಣ್ಣ ಸ್ಪ್ಲಿಂಟ್ ಬಹಳ ಜನಕ್ಕೆ ಅನುಕೂಲ. ಅಳತೆ ಸರಿಯಾಗಿರಬೇಕು, ಅದನ್ನು ತಿಳಿದವರಿಂದಲೇ ಹಾಕಿಸಿಕೊಳ್ಳಿ. ಲೋಹದ ಪಟ್ಟಿ ಇಲ್ಲದ್ದನ್ನು ಕೇಳಿ, ಇಲ್ಲದಿದ್ದರೆ ಕೈಯಲ್ಲಿ ಹಿಡಿದ ಮಣ್ಣನ್ನು ಕಾಯಿಲ್ ಮುಂದೆ ತಂದಾಗ ಸ್ಪ್ಲಿಂಟೇ ಕೂಗುತ್ತದೆ. ಉಂಗುರ, ಗಡಿಯಾರಕ್ಕೂ ಇದೇ ಮಾತು. ಸಂಧಿವಾತಕ್ಕೆ ಅಂತ ತಾಮ್ರದ ಬಳೆ ಹಾಕುವವರೂ ಇದ್ದಾರೆ. ಅದರಿಂದ ನೋವು ಕಡಿಮೆ ಆಗುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ, ಡಿಟೆಕ್ಟರ್ ಹಿಡಿಯುವಾಗಲಂತೂ ತೆಗೆದಿಡಿ.

ಎಷ್ಟು ಹೊತ್ತು ಹೋಗಬಹುದು ಅಂತ ಎಲ್ಲರೂ ಕೇಳುತ್ತಾರೆ. ನಾವು ಬಳಸುವ ಒಂದು ಅಳತೆ ಇದೆ. ಕೆಲಸ ಮುಗಿದು 2 ಗಂಟೆ ಆದರೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಆ ದಿನ ಮಿತಿ ಮೀರಿತು ಅಂತ ಅರ್ಥ. ಮುಂದಿನ ಸಲ ಸಮಯ ಕಡಿಮೆ ಮಾಡಿ. ನೋವು ಬಂದ ಮೇಲೆ ನಿಲ್ಲಿಸುವುದು ತಡವಾಯಿತು. ಗಡಿಯಾರ ನೋಡಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ಒಮ್ಮೆ ಯಂತ್ರ ಕೆಳಗಿಟ್ಟು ಬೆರಳು ಬಿಡಿಸಿ. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲು ಹೃದಯದ ವೈದ್ಯರನ್ನು ಕೇಳಿ.

ಹೊಸನೆಲ:
ನನಗೂ ಬೆರಳು ಗಂಟುಗಳಲ್ಲಿ ನೋವು ಶುರುವಾಗಿದೆ, ಹಾಗಾಗಿ ಕೇಳುತ್ತಿದ್ದೇನೆ. ಇರುವ ಯಂತ್ರಕ್ಕೇ 6 ಇಂಚಿನ ಸಣ್ಣ ಕಾಯಿಲ್ ಹಾಕಿದರೆ ಆಗುವುದಿಲ್ಲವೇ? ಹೊಸದೇ ಬೇಕಾ?

ಹಳೇಕಾಯಿಲ್:
ಆಗುತ್ತದೆ. ಎಷ್ಟೋ ಜನ ಅದನ್ನು ಮಾಡದೆ ಹೊಸದಕ್ಕೆ ಓಡುತ್ತಾರೆ. 11 ಇಂಚಿನ ಕಾಯಿಲ್ ತೆಗೆದು 6 ಇಂಚಿನದ್ದು ಹಾಕಿದರೆ ಮೂಗಿನ ಭಾರ ಎದ್ದು ಕಾಣುವಷ್ಟು ಇಳಿಯುತ್ತದೆ. ಕಸ ಜಾಸ್ತಿ ಇರುವ ಜಾಗದಲ್ಲಿ ಅಕ್ಕಪಕ್ಕದ ವಸ್ತುಗಳನ್ನು ಬೇರೆ ಬೇರೆ ತೋರಿಸುವುದರಲ್ಲೂ ಸಣ್ಣದೇ ಮೇಲು. ಆದರೆ ಆಳ ಕಡಿಮೆ. ಒಂದು ಬೀಸಿಗೆ ಮುಚ್ಚುವ ನೆಲವೂ ಕಡಿಮೆ, ಅಷ್ಟೇ ಜಾಗಕ್ಕೆ ಬೀಸು ಜಾಸ್ತಿ ಬೇಕು. ವಿಶಾಲವಾದ ದಂಡೆಗೆ ನಾನು 9 ಇಂಚು ಹೇಳುತ್ತೇನೆ.

ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಕಾಯಿಲ್ ಕವರ್ ಬಿಚ್ಚಿ ನೋಡಿ. ಅದರೊಳಗೆ ಮರಳು, ಮಣ್ಣು ತುಂಬಿ ಕೂತಿರುತ್ತದೆ. ನೀರು ಸೇರಿದರಂತೂ ಇನ್ನೂ ಭಾರ. ಒಬ್ಬ ಗೆಳೆಯ ತನ್ನ ಕವರ್ ಬಿಚ್ಚಿದಾಗ ಒಂದು ಹಿಡಿ ಒದ್ದೆ ಮಣ್ಣು ಬಿತ್ತು. ಏತದ ತುದಿಯಲ್ಲಿ ಅಷ್ಟನ್ನೂ ಹೊತ್ತು ನಡೆಯುತ್ತಿದ್ದ. ಮೆತ್ತನೆ ಮರಳಿನಲ್ಲಿ ಕವರ್ ಇಲ್ಲದೆಯೂ ನಡೆಯುತ್ತದೆ. ಕಲ್ಲು ನೆಲದಲ್ಲಿ ಮಾತ್ರ ಹಾಕಿ.

ತೂಕಕಲ್ಲು:
ಬ್ಯಾಟರಿಯಲ್ಲೂ ತೂಕ ಉಳಿಸಬಹುದು, ಆದರೆ ಎಚ್ಚರ. ಒಂದು ಎಎ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಲಿಥಿಯಂ ಸೆಲ್ 15 ಗ್ರಾಂ. ನಾಲ್ಕಕ್ಕೆ ಮೂವತ್ತು ಗ್ರಾಂ ಚಿಲ್ಲರೆ ಉಳಿಯುತ್ತದೆ. ಬ್ಯಾಟರಿ ಮುಷ್ಟಿಯ ಮುಂದಿದ್ದರೆ ಲಾಭ. ಮೊಣಕೈ ಹಿಂದಿದ್ದರೆ ಅದು ಕಾಯಿಲ್ಲನ್ನು ಸಮತೂಕ ಮಾಡುತ್ತಿರುತ್ತದೆ, ಹಗುರ ಮಾಡಿದರೆ ಮಣಿಕಟ್ಟಿಗೆ ನಷ್ಟ.

ಕಡಲಮಗಳು ಅವರೇ, ಕೊಳ್ಳುವ ಮೊದಲು ಮನೆಯಲ್ಲೇ ಎರಡು ಪರೀಕ್ಷೆ ಮಾಡಿ.

ಒಂದು, ಕಸಬರಿಗೆ ಪರೀಕ್ಷೆ. ಉದ್ದ ಕೋಲಿನ ಪೊರಕೆ ತೆಗೆದುಕೊಳ್ಳಿ. ಅಪ್ಪ ಹಿಡಿಯುವ ಜಾಗದಿಂದ 90 ಸೆಂ.ಮೀ. ಮುಂದೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ, ಕೋಲಿನ ಹಿಂಭಾಗ ಮುಂಗೈ ಕೆಳಗೆ ಬರಲಿ. ನೀರು 500 ಗ್ರಾಂ, ಅದು ಹೆಚ್ಚುಕಡಿಮೆ ಒಂದು ದೊಡ್ಡ ಕಾಯಿಲ್ಲಿನ ತೂಕ. ನೆಲದಿಂದ ಒಂದು ಅಂಗುಲ ಮೇಲೆ ಐದು ನಿಮಿಷ ಬೀಸಲಿ. ಮಾರನೇ ದಿನ ನೀರು ಕಡಿಮೆ ಮಾಡಿ ಮತ್ತೆ ಮಾಡಲಿ. ಯಾವ ತೂಕದಲ್ಲಿ ಎರಡು ಗಂಟೆಯ ನಂತರವೂ ಕೈ ಸುಮ್ಮನಿರುತ್ತದೋ ಅದು ಅವರ ಮಿತಿ.

ಎರಡು, ನಿಜವಾದ ಯಂತ್ರ ಸಿಕ್ಕಾಗ. ಹಿಡಿಯ ಮಧ್ಯಕ್ಕೆ ಹಗ್ಗ ಕಟ್ಟಿ ತೂಗುಹಾಕಿ, ಕಾಯಿಲ್ಲನ್ನು ತಕ್ಕಡಿಯ ಮೇಲೆ ಕೂರಿಸಿ. ತಕ್ಕಡಿ ತೋರಿಸುವುದು ಒಟ್ಟು ತೂಕವಲ್ಲ, ಮೂಗಿನ ಭಾರ. ಮಣಿಕಟ್ಟಿಗೆ ನಿಜವಾಗಿ ಬೀಳುವುದು ಅದೇ. ದಂಡವನ್ನು ಅಪ್ಪನಿಗೆ ಬೇಕಾದ ಉದ್ದಕ್ಕೆ ಇಟ್ಟೇ ಅಳೆಯಿರಿ.

ದೂರದಾರಿ:
ಹಾರ್ನೆಸ್ (ಮೈಗೆ ಹಾಕಿಕೊಳ್ಳುವ ಪಟ್ಟಿ) ಯಾಕೆ ಯಾರೂ ಹೇಳಲಿಲ್ಲ? ಚಿನ್ನ ಹುಡುಕುವವರು ಬಳಸುವ ಮೈನ್‌ಲ್ಯಾಬ್ ಜಿಪಿಝಡ್ 7000 ಮೂರು ಕೆ.ಜಿ.ಗಿಂತ ಜಾಸ್ತಿ. ಅದನ್ನು ದಿನವಿಡೀ ಬರಿಗೈಯಲ್ಲಿ ಯಾರೂ ಹಿಡಿಯುವುದಿಲ್ಲ. ಬೆನ್ನಿಗೆ ಹಾರ್ನೆಸ್, ಅದರಿಂದ ಎಳೆದರೆ ಹಿಗ್ಗುವ ಬಂಜಿ ಹಗ್ಗ, ಅದು ಹಿಡಿಯ ಸ್ವಲ್ಪ ಮುಂದೆ ದಂಡಕ್ಕೆ ಕಟ್ಟಿರುತ್ತದೆ. ಭಾರ ಹಗ್ಗದ ಪಾಲು, ಕೈ ಬರೀ ತಳ್ಳುತ್ತದೆ. ಹಳೆಯ 1.9 ಕೆ.ಜಿ. ಯಂತ್ರಕ್ಕೇ ಕಟ್ಟಿ ನೋಡಿ. ಅಪ್ಪನಿಗೆ ಅದರ ಸದ್ದುಗಳೆಲ್ಲ ಗೊತ್ತು, ಹೊಸದಾಗಿ ಕಲಿಯುವುದು ತಪ್ಪುತ್ತದೆ.

ಮೆಲ್ಲಗೆ_ನಡೆ:
ನಾನು ಒಂದು ವರ್ಷ ಬಳಸಿದೆ. ಮಣಿಕಟ್ಟಿಗೆ ಅದರಷ್ಟು ಆರಾಮ ಬೇರೆ ಯಾವುದರಿಂದಲೂ ಸಿಗಲಿಲ್ಲ. ಆದರೆ ಸಿಗ್ನಲ್ ಸಿಕ್ಕಾಗೆಲ್ಲ ಕೊಕ್ಕೆ ಬಿಚ್ಚಬೇಕು, ಅಗೆದು ಮತ್ತೆ ಹಾಕಬೇಕು. ಕೊಕ್ಕೆ ಸಣ್ಣದಿದ್ದರೆ ಚಿವುಟಿ ತೆರೆಯಬೇಕು, ಮತ್ತೆ ಹೆಬ್ಬೆರಳೇ. ಗಂಟೆಗೆ ಎರಡು ಮೂರು ಸಿಗ್ನಲ್ ಬರುವ ಬಯಲಿಗೆ ಹಾರ್ನೆಸ್ ಸರಿ. ಜನ ಓಡಾಡುವ ದಂಡೆಯಲ್ಲಿ ಹೆಜ್ಜೆಗೊಂದು ಸದ್ದು. ಅವರ ತಂದೆಗೆ ಅದು ಹೊಂದಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಹಾಕಲೇಬೇಕು ಅಂದರೆ ದೊಡ್ಡ ಉಂಗುರದ ಕೊಕ್ಕೆ ಹುಡುಕಿ.

ದೂರದಾರಿ:
ಕೊಕ್ಕೆಯ ಮಾತು ಒಪ್ಪಿದೆ. ನಾನು ಹೋಗುವುದು ಬಯಲಿಗೆ, ಅದು ನನ್ನ ತಲೆಗೆ ಬರಲಿಲ್ಲ.

ಒದ್ದೆಮರಳು:
ಡಿಯೂಸ್ ಬಗ್ಗೆ ಒಂದು ಮಾತು ಉಳಿದಿತ್ತು. ಅದರ ಕಾಯಿಲ್ಲಿನಲ್ಲೇ ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್ ಇದೆ, ಉಳಿದ ಭಾಗಗಳ ಜೊತೆ ವೈರ್ ಇಲ್ಲದೆ ಮಾತಾಡುತ್ತದೆ. ಹಾಗಾಗಿ ಪರದೆ ಇರುವ ಪೆಟ್ಟಿಗೆಯನ್ನು ದಂಡದಿಂದ ಜಾರಿಸಿ ತೆಗೆದು ಸೊಂಟಕ್ಕೆ ಹಾಕಿಕೊಳ್ಳಬಹುದು. ಭುಜ ನೋವಿನವರಿಗೆ ಇದು ದೊಡ್ಡ ವರ. ಮಣಿಕಟ್ಟಿನವರು ಮಾತ್ರ ತಕ್ಕಡಿ ಪರೀಕ್ಷೆ ಮಾಡಿಯೇ ನಿರ್ಧರಿಸಿ, ಯಾಕಂದರೆ ಅಲ್ಲಿ ಉಳಿಯುವ ತೂಕದಲ್ಲಿ ಹೆಚ್ಚಿನ ಪಾಲು ಕಾಯಿಲ್ ಕಡೆಯೇ.

ಹಾಗೆಯೇ ಅಗೆಯುವ ಲೆಕ್ಕ. ಸಿಕ್ಕ ಲೋಹಕ್ಕೆ ಯಂತ್ರದ ಪರದೆ ಒಂದು ಸಂಖ್ಯೆ ತೋರಿಸುತ್ತದಲ್ಲ, ಚಿನ್ನದ ಉಂಗುರ ಬಹಳ ಸಲ ಅಲ್ಯೂಮಿನಿಯಂ ಹಾಳೆ ಮತ್ತು ಡಬ್ಬಿ ಮುಚ್ಚಳದ ಕಿವಿ ಇರುವ ಸಂಖ್ಯೆಗಳಲ್ಲೇ ಬರುತ್ತದೆ. ಆ ಸಂಖ್ಯೆಗಳಿಗೆ ಸದ್ದೇ ಬರದ ಹಾಗೆ ಪೂರ್ತಿ ಮುಚ್ಚಿಬಿಟ್ಟರೆ ಕೈಗೆ ಆರಾಮ, ಉಂಗುರವೂ ತಪ್ಪಿಹೋಗುತ್ತದೆ. ಕಬ್ಬಿಣವನ್ನು ಮಾತ್ರ ಧೈರ್ಯವಾಗಿ ಮುಚ್ಚಲಿ. ಉಳಿದದ್ದಕ್ಕೆ ದಿನಕ್ಕೆ ಹತ್ತು ಗುಂಡಿ ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಲಿ. ಎರಡೂ ಕಡೆಯಿಂದ ಬೀಸಿದಾಗ ಒಂದೇ ಸಂಖ್ಯೆ ಗಟ್ಟಿಯಾಗಿ ನಿಲ್ಲುವ ಸಿಗ್ನಲ್‌ಗೆ ಆ ಗುಂಡಿ ಖರ್ಚು ಮಾಡಲಿ.

ಕಡಲಮಗಳು:
ಎರಡು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಪರೀಕ್ಷೆ ಎಲ್ಲ ಮಾಡಿದೆವು.

ಪೊರಕೆಯಲ್ಲಿ 500 ಗ್ರಾಂ ಕಟ್ಟಿದ ದಿನ ಸಂಜೆ ನೋವು. 350ರಲ್ಲಿ ಎರಡು ಗಂಟೆಯ ನಂತರ ಕೈ ಸುಮ್ಮನಿತ್ತು. ಹಳೆಯ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಅಳೆದೆ. ಮೂಗಿನ ಭಾರ 640 ಗ್ರಾಂ! ಕಾಯಿಲ್ ಕವರ್ ಬಿಚ್ಚಿ ಮಣ್ಣು ತೆಗೆದ ಮೇಲೆ 560. ಅಷ್ಟು ದಿನ ಅಪ್ಪ ಅದನ್ನು ಹಿಡಿದು ಹೇಗೆ ನಡೆದರೋ ಅಂತ ನೆನೆಸಿಕೊಂಡರೆ ಕಣ್ಣು ತುಂಬುತ್ತದೆ.

ಆಮೇಲೆ ಪರಿಚಯದವರಿಂದ ಎರಡು ಯಂತ್ರ ಒಂದೊಂದು ದಿನಕ್ಕೆ ತಂದೆವು. ಎರಡೂ ಹಲವು ಫ್ರೀಕ್ವೆನ್ಸಿಯವು. ಒಂದು 1.1 ಕೆ.ಜಿ.ಯ ಆಸುಪಾಸು, ಇನ್ನೊಂದು 1.3. ಹಗುರಾದ್ದರ ಮೂಗಿನ ಭಾರ 410 ಬಂತು. ಭಾರದ್ದಕ್ಕೆ 9 ಇಂಚಿನ ಕಾಯಿಲ್ ಹಾಕಿದ್ದರು, ಅದರದ್ದು 330. ಅಪ್ಪ ಕಣ್ಣು ಮುಚ್ಚಿಕೊಂಡು ಎರಡನ್ನೂ ಹಿಡಿದು ನೋಡಿದರು. ಭಾರದ್ದನ್ನೇ "ಇದು ಹಗುರ" ಅಂದರು. ಅದರ ಹಿಡಿ ದಪ್ಪ, ಬಟನ್ ತೋರುಬೆರಳಿಗೆ ಸಿಗುತ್ತದೆ, ಲಾಕ್ ಲಿವರಿನದ್ದು. ಅದನ್ನೇ ತೆಗೆದುಕೊಂಡೆವು. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಎರಡೂ ಒಳ್ಳೆಯ ಯಂತ್ರಗಳು. ಭುಜ ನೋವಿರುವ ಯಾರಾದರೂ ಹೆಸರು ನೋಡಿ ಇದನ್ನೇ ಕೊಂಡರೆ ಅವರಿಗೆ ಉಲ್ಟಾ ಆಗಬಹುದು.

ಥೆರಪಿ_ಕೈ:
ಕಣ್ಣು ಮುಚ್ಚಿಸಿ ಹಿಡಿಸಿದ್ದು ತುಂಬಾ ಒಳ್ಳೆಯ ಕೆಲಸ. ದಂಡದ ಉದ್ದ ನೋಡಿದಿರಾ? ನೆಟ್ಟಗೆ ನಿಂತು, ಭುಜ ಇಳಿಬಿಟ್ಟು, ಮೊಣಕೈ ಸ್ವಲ್ಪ ಮಡಚಿದಾಗ ಕಾಯಿಲ್ ನೆಲಕ್ಕೆ ಸಮನಾಗಿರಬೇಕು. ತುಂಬಾ ಉದ್ದ ಬಿಟ್ಟರೆ ನೀವು ಗೆದ್ದ ಗ್ರಾಂಗಳೆಲ್ಲ ವಾಪಸ್ ಹೋಗುತ್ತವೆ. ಬೀಸುವಾಗ ಮಣಿಕಟ್ಟು ತಿರುಗಬಾರದು, ಸೊಂಟದಿಂದ ತಿರುಗಬೇಕು. ಬೀಸು ಚಿಕ್ಕದಿರಲಿ, ಒಂದು ಮೀಟರ್ ಸಾಕು. ನಡುನಡುವೆ ಎಡಗೈಗೂ ಕೊಡಲಿ. ಮೊದಮೊದಲು ಕೈ ಮಾತು ಕೇಳುವುದಿಲ್ಲ, ಒಂದೆರಡು ವಾರದಲ್ಲಿ ಕಲಿಯುತ್ತದೆ.

ಹೊಸನೆಲ:
ನಾನೂ ಕವರ್ ಬಿಚ್ಚಿ, 9 ಇಂಚಿನ ಕಾಯಿಲ್ ಹಾಕಿ, ಹಿಡಿಗೆ ಟೇಪ್ ಸುತ್ತಿದೆ. ಹೊಸ ಯಂತ್ರ ಬೇಕಾಗಲಿಲ್ಲ. ಎಲ್ಲರಿಗೂ ಧನ್ಯವಾದ.

ಕಡಲಮಗಳು:
ಇವತ್ತು ಅಪ್ಪನ ಜೊತೆ ನಾನೂ ಹೋಗಿದ್ದೆ. ಬೆಳಗ್ಗೆ ಕೈ ಬಿಗಿ ಇರುತ್ತದೆ ಅಂತ ಒಂಬತ್ತು ಗಂಟೆ ಮೇಲೆ ಹೊರಟೆವು. ಇಪ್ಪತ್ತು ನಿಮಿಷಕ್ಕೊಮ್ಮೆ ನನ್ನ ಫೋನಿನಲ್ಲಿ ಅಲಾರಂ. ಮೊದಲ ಅಲಾರಂ ಹೊಡೆದಾಗ ಇನ್ನೈದು ನಿಮಿಷ ಅಂದರು, ನಾನು ಬಿಡಲಿಲ್ಲ. ಒಟ್ಟು ನಲವತ್ತು ನಿಮಿಷ, ಏಳು ಗುಂಡಿ. ನಾಲ್ಕು ಡಬ್ಬಿಯ ಕಿವಿ, ಎರಡು ನಾಣ್ಯ, ಒಂದು ಮೀನಿನ ಬಲೆಯ ಸೀಸದ ಗುಂಡು. ಸ್ಕೂಪನ್ನು ಅಪ್ಪ ಪಾದದಲ್ಲೇ ಒತ್ತಿದರು, ಜಾಲಾಡುವುದು ನನ್ನ ಪಾಲು.

ಈಗ ಮಧ್ಯಾಹ್ನ ಒಂದೂವರೆ. ಬಂದು ಮೂರು ಗಂಟೆ ಆಯಿತು. ಹೆಬ್ಬೆರಳು ಹೇಗಿದೆ ಅಂತ ಕೇಳಿದೆ. ಉತ್ತರ ಕೊಡದೆ ನಾಳೆ ನೀರಿನ ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿದರು. ನಾಳೆ ಬೇಡ, ನಾಡಿದ್ದು ಅಂತ ಒಪ್ಪಂದ ಆಗಿದೆ.

ಒಂದೇ ತೊಂದರೆ. ದಂಡ ಅಪ್ಪನಿಗೆ ಸ್ವಲ್ಪ ಉದ್ದ ಅನ್ನಿಸಿತು. ನಾನು ಅಲ್ಲೇ ಒಳಗೆ ತಳ್ಳಿ ಸರಿಮಾಡಿದೆ, ಆದರೆ ಸರಿಯಾದ ಅಳತೆ ಸಿಗಲು ಮೂರು ನಾಲ್ಕು ಸಲ ಬಿಚ್ಚಿ ಹಾಕಬೇಕಾಯಿತು.

ಹಳೇಕಾಯಿಲ್:
ಆ ಅಳತೆ ಸಿಕ್ಕ ಜಾಗದಲ್ಲಿ ದಂಡದ ಸುತ್ತ ಬಣ್ಣದ ಇನ್ಸುಲೇಷನ್ ಟೇಪ್ ಒಂದು ಸುತ್ತು ಹಾಕಿಬಿಡಿ ತಂಗಿ. ಮುಂದಿನ ಸಲ ಟೇಪ್ ಕಾಣುವವರೆಗೆ ಒಳಗೆ ತಳ್ಳಿ ಲಾಕ್ ಒತ್ತಿದರೆ ಆಯಿತು, ಅಪ್ಪನೇ ಮಾಡಿಕೊಳ್ಳಬಹುದು. ವಾಪಸ್ ಬಂದ ಮೇಲೆ ದಂಡದ ಕೀಲುಗಳಿಗೆ ಸಿಹಿನೀರು ಹಾಕಿ ತೊಳೆಯುವುದನ್ನು ಮರೆಯಬೇಡಿ. ಮರಳು ಕೂತರೆ ಲಿವರ್ ಕೂಡ ಬಿಗಿಯಾಗುತ್ತದೆ.